ಪ್ರಶ್ನೆ ಮಗುವಿನದೇ ಆಗಿರಲಿ: ವಿದ್ಯಾರ್ಥಿ ಸಂಶೋಧನೆ ಮತ್ತು ಅದರ ಪ್ರಕಟಣೆ

(ಶತಮಾನೋತ್ಸವದ ಶೈಕ್ಷಣಿಕ ವಿಚಾರಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ವಿದ್ಯಾಲಯದಲ್ಲಿ ಗತಕಾಲದ ಸ್ಮರಣೆಗೆ ಅಗ್ರಸ್ಥಾನ ಸಲ್ಲುವುದು ಸಹಜ. ಈ ಶಾಲೆಯನ್ನು ಕಟ್ಟಿ ಬೆಳೆಸಿದವರ ಪರಿಶ್ರಮವನ್ನು ಕುರಿತು ಬಲ್ಲವರು ಇದೇ ವೇದಿಕೆಯಿಂದ ಸೊಗಸಾಗಿ ಮಾತನಾಡಿದ್ದಾರೆ. ನಮಗೆ ಒಪ್ಪಿಸಿರುವ ವಿಷಯವಾದರೋ ಮುಂದಿನ ಕಾಲಕ್ಕೆ ಸಂಬಂಧಿಸಿದ್ದು. ಶಾಲಾ ವಿದ್ಯಾರ್ಥಿಗಳು ನಡೆಸಿದ ಸಂಶೋಧನೆಯನ್ನು ವಿದ್ವತ್ಪತ್ರಿಕೆಗಳಲ್ಲಿ ಪ್ರಕಟಿಸಬಹುದೇ, ಪ್ರಕಟಿಸುವುದಾದರೆ ಹೇಗೆ, ಅದರಿಂದ ಮಗುವಿಗೆ ದೊರೆಯುವುದೇನು ಎಂಬ ಪ್ರಶ್ನೆಗಳನ್ನು ಈ ಹೊತ್ತು ತಮ್ಮೊಡನೆ ವಿಚಾರ ಮಾಡಬೇಕಾಗಿದೆ.

ಈ ವಿಷಯವನ್ನು ಕುರಿತು ಈಚೆಗೆ ರಕ್ಷಕರಿಂದ ನಾವು ಎರಡು ಬಗೆಯ ಮಾತುಗಳನ್ನು ಕೇಳುತ್ತಿದ್ದೇವೆ. ಮಗುವಿನ ಹೆಸರಿನಲ್ಲಿ ಸಂಶೋಧನ ಲೇಖನವೊಂದು ಅಚ್ಚಾದರೆ ಮುಂದೆ ಕಾಲೇಜು ಪ್ರವೇಶಕ್ಕೆ ಅನುಕೂಲವಂತೆ, ಶುಲ್ಕ ಕಟ್ಟಿದರೆ ಅದನ್ನು ಮಾಡಿಸಿಕೊಡುವವರೂ ಇದ್ದಾರಂತೆ ಎಂಬುದು ಮೊದಲನೆಯ ಮಾತು. ಅದೆಲ್ಲ ಪೇಟೆಯ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಸರಿ, ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಿಂದ ಆದೀತೇ ಎಂಬುದು ಎರಡನೆಯದು. ಒಂದು ಆಸೆಯ ಮಾತು, ಇನ್ನೊಂದು ಅಂಜಿಕೆಯ ಮಾತು. ಎರಡಕ್ಕೂ ನಮ್ಮ ಉತ್ತರ ಒಂದೇ. ಪ್ರಶ್ನೆ ಮಗುವಿನದೇ ಆಗಿದ್ದು, ಉತ್ತರವನ್ನು ಮಗು ತಾನೇ ಅಳೆದು ನೋಡಿ ಕಂಡುಕೊಂಡಿದ್ದರೆ, ಭಾಷೆ ಅದಕ್ಕೆ ಅಡ್ಡಿಯಾಗದು. ಪ್ರಶ್ನೆ ಮಗುವಿನದಲ್ಲದಿದ್ದರೆ ಎಷ್ಟು ಹಣ ಕಟ್ಟಿದರೂ ಅದು ಸಂಶೋಧನೆಯಾಗದು.

ವಿದ್ವತ್ಪತ್ರಿಕೆ ಎಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಪತ್ರಿಕೆಯನ್ನು ಆರಂಭಿಸಿದರು. ಒಬ್ಬರು ಕಂಡುಕೊಂಡದ್ದು ಅವರ ಮೇಜಿನ ಖಾನೆಯಲ್ಲಿ ಉಳಿಯದೆ ಎಲ್ಲರ ಪರೀಕ್ಷೆಗೂ ಒಳಗಾಗಬೇಕೆಂಬುದು ಅಂತಹ ಪತ್ರಿಕೆಗಳ ಮೂಲ ಆಶಯ. ಇಂದು ಇಂತಹ ಪತ್ರಿಕೆಗೆ ಲೇಖನವೊಂದು ಬಂದರೆ ಸಂಪಾದಕರು ಅದನ್ನು ಆ ವಿಷಯದ ತಜ್ಞರಿಗೆ ಕಳುಹಿಸುತ್ತಾರೆ. ತಜ್ಞರು ವಿಧಾನ ಸರಿಯೇ, ಅಂಕಿಗಳು ತೀರ್ಮಾನವನ್ನು ಸಮರ್ಥಿಸುತ್ತವೆಯೇ, ಹೇಳಿದ್ದಕ್ಕಿಂತ ಹೆಚ್ಚು ಹೇಳಲಾಗಿದೆಯೇ ಎಂದು ಪರಿಶೀಲಿಸುತ್ತಾರೆ. ತಿದ್ದುಪಡಿ ಸೂಚಿಸುತ್ತಾರೆ, ಇಲ್ಲವೇ ತಿರಸ್ಕರಿಸುತ್ತಾರೆ. ಅಧ್ಯಾಪಕರ ವಾತ್ಸಲ್ಯವಾಗಲಿ ಬಂಧುಗಳ ಅಭಿಮಾನವಾಗಲಿ ಅಲ್ಲಿ ಲೆಕ್ಕಕ್ಕಿಲ್ಲ. ಪರಿಚಯವಿಲ್ಲದವರ ನಿಷ್ಪಕ್ಷ ದೃಷ್ಟಿಯೇ ಅಲ್ಲಿನ ಒರೆಗಲ್ಲು.

ಈ ಒರೆಗಲ್ಲಿಗೆ ಪುಟ್ಟ ಮಕ್ಕಳು ತಮ್ಮ ಕೆಲಸವನ್ನು ಉಜ್ಜಿ ತೋರಿಸಿದ ಒಂದು ನಿದರ್ಶನ ನಮ್ಮ ಮುಂದಿದೆ. ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಬ್ಲ್ಯಾಕಾಟನ್ ಎಂಬ ಹಳ್ಳಿಯಿದೆ. ಅಲ್ಲಿನ ಪ್ರಾಥಮಿಕ ಶಾಲೆಯ 8ರಿಂದ 10 ವರ್ಷದ 25 ಮಕ್ಕಳು ಬಂಬಲ್‌ಬೀ ಎಂಬ ದಪ್ಪ ಜಾತಿಯ ಜೇನ್ನೊಣಗಳ ಮೇಲೆ ಪ್ರಯೋಗ ನಡೆಸಿದರು. ಮುಖ್ಯೋಪಾಧ್ಯಾಯ ಡೇವ್ ಸ್ಟ್ರಡ್ವಿಕ್ ಮತ್ತು ಲಂಡನ್ನಿನ ನರವಿಜ್ಞಾನಿ ಬ್ಯೂ ಲೊಟ್ಟೊ ಅವರ ಬೆಂಬಲಕ್ಕಿದ್ದರು. ಪ್ರಯೋಗ ನಡೆದದ್ದು ದೊಡ್ಡ ಪ್ರಯೋಗಾಲಯದಲ್ಲಲ್ಲ, ಊರಿನ ಹಳೆಯ ಚರ್ಚಿನಲ್ಲಿ. ನೊಣಗಳನ್ನು ಶಾಲೆಯ ಫ್ರಿಜ್ಜಿನಲ್ಲಿ ತುಸು ತಣ್ಣಗಾಗಿಸಿ, ಅವು ಮಂದಗೊಂಡಿರುವಾಗ ಬೆನ್ನಿಗೆ ಬಣ್ಣದ ಚುಕ್ಕೆಯಿಟ್ಟು ಒಂದೊಂದನ್ನೂ ಗುರುತಿಸುವ ವ್ಯವಸ್ಥೆ ಮಾಡಿಕೊಂಡರು.

ಪಾರದರ್ಶಕ ಪೆಟ್ಟಿಗೆಯೊಂದರಲ್ಲಿ ಬಣ್ಣದ ಬೆಳಕಿನ ವೃತ್ತಗಳೇ ಹೂಗಳು. ನಾಲ್ಕು ಫಲಕಗಳು, ಒಂದೊಂದರಲ್ಲಿ 16 ಹೂಗಳು. ಎರಡು ಫಲಕಗಳಲ್ಲಿ ನಡುವೆ ನಾಲ್ಕು ನೀಲಿ, ಸುತ್ತಲೂ ಹನ್ನೆರಡು ಹಳದಿ. ಉಳಿದೆರಡರಲ್ಲಿ ಇದಕ್ಕೆ ವಿಪರ್ಯಯ. ಸಕ್ಕರೆ ನೀರು ದೊರೆಯುವುದು ನಡುವಿನ ಹೂಗಳಲ್ಲಿ ಮಾತ್ರ. ಆದುದರಿಂದ ಬಣ್ಣವೊಂದನ್ನೇ ನೆನಪಿಟ್ಟುಕೊಂಡ ನೊಣ ಮೋಸಹೋಗುತ್ತದೆ. ಪರೀಕ್ಷೆಯ ಹೊತ್ತಿಗೆ ನೊಣಗಳು ಬಹುಮಟ್ಟಿಗೆ ನಡುವಿನ ಹೂಗಳನ್ನೇ ಆರಿಸಿಕೊಂಡವು. ಮಕ್ಕಳು ಇಲ್ಲಿಗೇ ತೃಪ್ತರಾಗಲಿಲ್ಲ. ನೊಣಗಳು 'ನಡುವಿಗೆ ಹೋಗು' ಎಂಬ ಒಂದೇ ಸೂತ್ರವನ್ನು ಕಲಿತಿರಬಹುದಲ್ಲವೇ ಎಂದು ಯೋಚಿಸಿ ನಡುವಿನ ಹೂಗಳ ಬಣ್ಣವನ್ನು ಹಸಿರಿಗೆ ಬದಲಿಸಿದರು. ಆಗ ನೊಣಗಳು ಮೊದಲಿನಂತೆ ನಡುವನ್ನೇ ಆರಿಸಿಕೊಳ್ಳಲಿಲ್ಲ. ಹೂವನ್ನು ಆರಿಸಲು ಅವು ಬಣ್ಣವನ್ನೂ ಸ್ಥಾನವನ್ನೂ ಕೂಡಿಸಿ ಬಳಸಬಲ್ಲವು ಎಂಬ ತೀರ್ಮಾನಕ್ಕೆ ಮಕ್ಕಳು ಬಂದರು. ತಮ್ಮ ಉತ್ತರವನ್ನು ತಾವೇ ಸಂಶಯಿಸಿ ಎರಡನೆಯ ಪರೀಕ್ಷೆಗೆ ಒಡ್ಡಿದ ಆ ಹೆಜ್ಜೆಯಲ್ಲಿಯೇ ಇಡೀ ವಿಜ್ಞಾನದ ಸತ್ತ್ವವಿದೆಯೆಂದು ನಾವು ಭಾವಿಸುತ್ತೇವೆ.

ಲೇಖನವನ್ನು ಮಕ್ಕಳ ಮಾತಿನಲ್ಲಿಯೇ ಬರೆಯಲಾಯಿತು. ಚಿತ್ರಗಳನ್ನು ಅವರೇ ಬಣ್ಣದ ಪೆನ್ಸಿಲಿನಿಂದ ಬರೆದರು. ಹಿಂದಿನ ಸಂಶೋಧನೆಗಳ ಉಲ್ಲೇಖ ಒಂದೂ ಇರಲಿಲ್ಲ. ಇಂತಹ ಲೇಖನಕ್ಕೆ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಪ್ರಯೋಗಕ್ಕೆ ಹಿಡಿದ ಕಾಲಕ್ಕಿಂತ ಪ್ರಕಟಣೆಗೆ ಹಿಡಿದ ಕಾಲವೇ ಹೆಚ್ಚಾಯಿತು. ಕೊನೆಗೆ 2010ರ ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಯದೇ ಆದ 'ಬಯಾಲಜಿ ಲೆಟರ್ಸ್' ಪತ್ರಿಕೆ ಅದನ್ನು ಪ್ರಕಟಿಸಿತು. ಸಂದರ್ಭವನ್ನು ವಿವರಿಸುವ ಇಬ್ಬರು ತಜ್ಞರ ವ್ಯಾಖ್ಯಾನವನ್ನೂ ಜೊತೆಗಿರಿಸಿತು.

ಇಲ್ಲಿ ಕನ್ನಡ ಮಾಧ್ಯಮದವರಾದ ನಾವು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಹಿಂದಿನ ಸಂಶೋಧನೆಗಳ ಉಲ್ಲೇಖ ಇಲ್ಲದಿರಲು ಕೊಟ್ಟ ಕಾರಣಗಳಲ್ಲಿ ಒಂದು, ಆ ಸಾಹಿತ್ಯದ ಭಾಷೆ ಮಕ್ಕಳಿಗೆ ಎಟುಕುವಂತಹದಲ್ಲ ಎಂಬುದು. ಆ ಮಕ್ಕಳ ಮನೆಮಾತು ಇಂಗ್ಲಿಷ್, ಓದುವುದೂ ಇಂಗ್ಲಿಷಿನಲ್ಲಿಯೇ. ಆದರೂ ವಿದ್ವತ್ಪತ್ರಿಕೆಯ ಇಂಗ್ಲಿಷ್ ಅವರ ಪಾಲಿಗೂ ಪರಭಾಷೆಯೇ ಆಗಿತ್ತು. ಅಂದಮೇಲೆ ಪಾಂಡಿತ್ಯದ ಭಾಷೆ ಯಾವ ಮಗುವಿನ ಮಾತೃಭಾಷೆಯೂ ಅಲ್ಲ. ಅದನ್ನು ದಾಟಲು ಎಲ್ಲ ಮಕ್ಕಳಿಗೂ ಒಂದು ಸೇತುವೆ ಬೇಕು. ನಮ್ಮ ಮಕ್ಕಳಿಗೆ ಆ ಸೇತುವೆ ತುಸು ಉದ್ದವಾಗಿರಬೇಕಾದೀತು, ಅಷ್ಟೆ. ಯೋಚನೆ ನಡೆಯಬೇಕಾದದ್ದು ಮಗುವಿನ ಭಾಷೆಯಲ್ಲಿ. ಅನುವಾದ ಅನಂತರದ ಕೆಲಸ, ಮತ್ತು ಅದನ್ನು ಹಿರಿಯರು ಮಾಡಿಕೊಡಬಹುದು.

ಇನ್ನೊಂದು ನಿದರ್ಶನವನ್ನು ಅಮೆರಿಕದಿಂದ ನೀಡಬಹುದು. ರೋಗಿಯನ್ನು ಮುಟ್ಟದೆಯೇ, ದೇಹದ ಸುತ್ತಲಿನ ಶಕ್ತಿಯನ್ನು ಅಂಗೈಯಿಂದ ಗ್ರಹಿಸಿ ಚಿಕಿತ್ಸೆ ಮಾಡುತ್ತೇವೆಂದು ಹೇಳುವವರು ಅಲ್ಲಿದ್ದರು. ಅದು ನಿಜವೇ ಎಂದು ಎಮಿಲಿ ರೋಸಾ ಎಂಬ ಬಾಲಕಿ ತನ್ನ ಶಾಲೆಯ ವಿಜ್ಞಾನ ಮೇಳಕ್ಕಾಗಿ ಪರೀಕ್ಷಿಸಹೊರಟಳು. ಆಗ ಅವಳ ವಯಸ್ಸು 9. ಬೇಕಾದ ಸಲಕರಣೆ ಒಂದು ರಟ್ಟಿನ ಅಡ್ಡತೆರೆ ಮತ್ತು ಒಂದು ನಾಣ್ಯ. ಚಿಕಿತ್ಸಕರು ತೆರೆಯ ತೂತುಗಳಲ್ಲಿ ಎರಡೂ ಕೈಗಳನ್ನು ತೂರಿಸಬೇಕು; ಅವಳು ನಾಣ್ಯ ಚಿಮ್ಮಿ, ಬಂದಂತೆ ಒಂದು ಕೈಯ ಮೇಲ್ಗಡೆ ತನ್ನ ಕೈ ಹಿಡಿಯುತ್ತಾಳೆ; ಯಾವ ಕೈಯ ಬಳಿಯೆಂದು ಅವರು ಹೇಳಬೇಕು. 21 ಮಂದಿ ಚಿಕಿತ್ಸಕರು 280 ಸಲ ಪ್ರಯತ್ನಿಸಿ 123 ಸಲ ಸರಿಯಾಗಿ ಹೇಳಿದರು. ಎಂದರೆ ಶೇಕಡಾ 44. ಸುಮ್ಮನೆ ಊಹಿಸಿದ್ದರೂ ಅರ್ಧದಷ್ಟು ಸರಿಯಾಗಬೇಕಾಗಿತ್ತು. 1998ರ ಏಪ್ರಿಲಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಇದನ್ನು ಪ್ರಕಟಿಸಿದಾಗ ಅವಳಿಗೆ 11 ವರ್ಷ. ದಾದಿಯಾಗಿದ್ದ ತಾಯಿ ಮತ್ತು ಇತರ ಹಿರಿಯರು ಸಹಲೇಖಕರಾಗಿದ್ದರು. ಆದರೆ ಪ್ರಶ್ನೆ ಅವಳದು, ನಾಣ್ಯ ಚಿಮ್ಮಿದ ಕೈಯೂ ಅವಳದು.

ಈ ಎರಡು ಪ್ರಯೋಗಗಳಲ್ಲಿ ದುಬಾರಿ ಯಂತ್ರಗಳಿಲ್ಲ. ಪ್ರಶ್ನೆ ಚಿಕ್ಕದು, ಖಚಿತವಾದುದು. ಉತ್ತರ ತಪ್ಪಾಗಬಹುದಾದ ಅವಕಾಶವನ್ನು ಪ್ರಯೋಗದಲ್ಲಿಯೇ ಇಟ್ಟುಕೊಳ್ಳಲಾಗಿದೆ. ಎಣಿಸಿದ ಲೆಕ್ಕವನ್ನು ಇದ್ದಂತೆಯೇ ಬರೆದಿಡಲಾಗಿದೆ. ಇವು ಮೂರೂ ನಮ್ಮ ಶಾಲೆಯ ಅಂಗಳದಲ್ಲಿ ಸಾಧ್ಯವಾದವುಗಳೇ.

ಹಾಗಾದರೆ ನಮ್ಮ ಮಕ್ಕಳು ಏನನ್ನು ಶೋಧಿಸಬಹುದು? ನಮ್ಮ ಕಾಸರಗೋಡಿನ ಮುರಕಲ್ಲಿನ ಗುಡ್ಡಗಳನ್ನೇ ನೋಡೋಣ. ಗುಡ್ಡದ ಬದಿಯಿಂದ ಅಡ್ಡಲಾಗಿ ಕೊರೆದು, ಬಸಿಯುವ ನೀರನ್ನು ಪಂಪಿನ ಹಂಗಿಲ್ಲದೆ ಹೊರಗೆ ಹರಿಸುವ ಸುರಂಗಗಳು ಇಲ್ಲಿನ ಕೃಷಿಗೂ ಕುಡಿಯುವ ನೀರಿಗೂ ಆಧಾರವಾಗಿ ಬಂದಿವೆ. ಗಡಿಯಾಚೆಯ ಅಡ್ಯನಡ್ಕದ ಸಮೀಪ ಒಣಗುಡ್ಡದಲ್ಲಿ ಸ್ವಂತ ಶ್ರಮದಿಂದ ಸುರಂಗಗಳನ್ನು ಕೊರೆದು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದದ್ದು ತಮಗೆಲ್ಲ ತಿಳಿದಿದೆ. ವಿದೇಶದ ವಿಶ್ವವಿದ್ಯಾಲಯಗಳ ಸಂಶೋಧಕರು ನಮ್ಮ ಸುರಂಗಗಳನ್ನು ಅಳೆದು ಲೇಖನಗಳನ್ನು ಪ್ರಕಟಿಸಿದ್ದಾರೆ. ಅವರು ಬರುವುದು ಕೆಲವು ವಾರಗಳ ಮಟ್ಟಿಗೆ. ಅದೇ ನೀರನ್ನು ಕುಡಿದು ಬೆಳೆಯುವ ಮಗು ವರ್ಷದ 12 ತಿಂಗಳೂ ಅಲ್ಲಿಯೇ ಇರುತ್ತದೆ. ಅಳತೆ ಗೊತ್ತಿರುವ ಒಂದು ಬಕೆಟು, ಒಂದು ಗಡಿಯಾರ, ಒಂದು ಪುಸ್ತಕ ಇದ್ದರೆ ಸಾಕು. ಬಕೆಟು ತುಂಬಲು ಹಿಡಿಯುವ ಸೆಕೆಂಡುಗಳನ್ನು ಮೂರು ಸಲ ಎಣಿಸಿ ಸರಾಸರಿ ತೆಗೆದರೆ ನಿಮಿಷಕ್ಕೆ ಎಷ್ಟು ಲೀಟರೆಂದು ತಿಳಿಯುತ್ತದೆ. ಇದನ್ನು ಹಿರಿಯರ ಜೊತೆಯಲ್ಲಿ, ಸುರಂಗದ ಒಳಹೋಗದೆ, ಹೊರಗಿನ ದಂಬೆಯ ಬಳಿಯೇ ಮಾಡಬೇಕು. ಪ್ರತಿವಾರ ಅಳೆದು ಐದು ವರ್ಷ ಮುಂದುವರಿಸಿದರೆ, ಸಮೀಪದಲ್ಲಿ ಕೊಳವೆಬಾವಿ ಬಂದ ಮೇಲೆ ಸುರಂಗದ ನೀರು ಬದಲಾಯಿತೇ ಎಂಬ ಪ್ರಶ್ನೆಯನ್ನು ಆಧಾರಸಹಿತ ಕೇಳಬಹುದು.

ದಾಖಲೆಯ ಬೆಲೆಯನ್ನು ಈ ಜಿಲ್ಲೆಗೆ ಬೇರೆ ಯಾರೂ ಬೋಧಿಸಬೇಕಾಗಿಲ್ಲ. ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಊರಿನ ವೈದ್ಯರು ತಮ್ಮ ಬಳಿ ಬರುವ ಕಾಯಿಲೆಗಳ ವಿಚಿತ್ರ ಹಂಚಿಕೆಯನ್ನು ಗಮನಿಸಿ ಗುರುತುಹಾಕಿಕೊಂಡರು, ಬರೆದರು, ಇತರರ ಗಮನ ಸೆಳೆದರು. ಪತ್ರಕರ್ತರೂ ಊರಿನವರೂ ದನಿಗೂಡಿಸಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಆ ಕೀಟನಾಶಕವನ್ನು ತಡೆಹಿಡಿಯಿತು. ಅಷ್ಟರಲ್ಲಿ ಎಷ್ಟು ಮನೆಗಳ ಬಾಳು ಕೆಟ್ಟಿತ್ತೆಂಬುದು ಈ ಸಭೆಯಲ್ಲಿರುವ ಹಲವರಿಗೆ ಸ್ವಂತ ಅನುಭವದ ಸಂಗತಿ. ಕಂಡದ್ದನ್ನು ತಾರೀಕು ಸಹಿತ ಬರೆದಿಡುವ ಅಭ್ಯಾಸ ಪ್ರತಿಯೊಂದು ಊರಿನಲ್ಲಿಯೂ ಇರುವುದು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸಂಶೋಧನೆಯೆಂದರೆ ವಿಜ್ಞಾನ ಮಾತ್ರವೆಂದು ಭಾವಿಸಬೇಕಾಗಿಲ್ಲ. ಸಪ್ತಭಾಷಾ ಸಂಗಮಭೂಮಿಯೆನಿಸಿದ ನೆಲ ನಮ್ಮದು. ಒಂದೇ ತರಗತಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನ ಮಕ್ಕಳು ಕುಳಿತಿರುತ್ತಾರೆ. ಹಲಸಿನ ಹಣ್ಣಿನ ಭಾಗಗಳಿಗೆ, ಅಡಿಕೆಯ ಬೇರೆ ಬೇರೆ ಹಂತಗಳಿಗೆ, ಮಳೆಯ ಬಗೆಗಳಿಗೆ ಒಂದೊಂದು ಮನೆಯಲ್ಲಿ ಬಳಸುವ ಪದಗಳನ್ನು ಮಕ್ಕಳು ಅಜ್ಜಿಯರಿಂದ ಕೇಳಿ ಪಟ್ಟಿಮಾಡಿದರೆ ಅದು ಭಾಷಾವಿಜ್ಞಾನಿಗಳಿಗೂ ಬೇಕಾದ ಸಾಮಗ್ರಿ. ಪದವಿಯನ್ನು ಪೂರ್ಣಗೊಳಿಸದೆ, ವಿಶ್ವವಿದ್ಯಾಲಯದ ಹುದ್ದೆಯಿಲ್ಲದೆ, ಮಂಜೇಶ್ವರದ ಮನೆಯಲ್ಲಿಯೇ ಕುಳಿತು ಇತಿಹಾಸ ಸಂಶೋಧನೆಯ ಲೇಖನಗಳನ್ನು ಬರೆದ ರಾಷ್ಟ್ರಕವಿ ಗೋವಿಂದ ಪೈಗಳ ನಾಡಿನವರು ನಾವು. ವಿದ್ವತ್ತು ರಾಜಧಾನಿಗಳ ಸೊತ್ತಲ್ಲವೆಂದು ಅವರ ಬದುಕೇ ಹೇಳುತ್ತದೆ. ನೆರೆಯ ಪುತ್ತೂರಿನಿಂದ ಹೊರಡುವ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟು, ತೋಟದಲ್ಲಿ ಕಂಡುಕೊಂಡದ್ದನ್ನು ಅವರಿಂದಲೇ ಬರೆಸಿತು. ಕೃಷಿಕರ ಕೈಗೆ ಬಂದ ಲೇಖನಿ ಮಕ್ಕಳ ಕೈಗೂ ಬರಬಹುದು.

ಇನ್ನು ಪ್ರಕಟಣೆಯ ದಾರಿಗಳು. ಮೊದಲ ಮೆಟ್ಟಿಲು ನಮ್ಮ ಸಮೀಪದಲ್ಲಿಯೇ ಇದೆ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ಸ್ಥಳೀಯ ಸಮಸ್ಯೆಯನ್ನು ಅಧ್ಯಯನ ಮಾಡಿ ತಮ್ಮ ಭಾಷೆಯಲ್ಲಿಯೇ ಮಂಡಿಸಬಹುದು. 'ಸೀಸನ್‌ವಾಚ್' ಎಂಬ ಯೋಜನೆಯಲ್ಲಿ ಮಕ್ಕಳು ಒಂದು ಮರವನ್ನು ಆರಿಸಿಕೊಂಡು ಅದರ ಚಿಗುರು, ಹೂ, ಕಾಯಿಗಳನ್ನು ವಾರವಾರವೂ ಗುರುತಿಸುತ್ತಾರೆ. ಕೇರಳದ ಶಾಲೆಗಳು ಅದಕ್ಕೆ ಬಹುದೊಡ್ಡ ಕೊಡುಗೆ ನೀಡಿವೆ. ಅಲ್ಲಿಂದ ಮುಂದೆ ಹೋಗಬಯಸುವವರಿಗೆ 2011ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿಗಳು ಸ್ಥಾಪಿಸಿದ 'ಜರ್ನಲ್ ಆಫ್ ಎಮರ್ಜಿಂಗ್ ಇನ್ವೆಸ್ಟಿಗೇಟರ್ಸ್' ಇದೆ. ಅದು ಶಾಲಾ ವಿದ್ಯಾರ್ಥಿಗಳ ವಿಜ್ಞಾನ ಸಂಶೋಧನೆಗೇ ಮೀಸಲು. ಇತಿಹಾಸ ಪ್ರಬಂಧಗಳಿಗೆ 1987ರಲ್ಲಿ ಸ್ಥಾಪಿತವಾದ 'ಕಾನ್ಕಾರ್ಡ್ ರಿವ್ಯೂ' ಇದೆ. ಇವೆರಡಕ್ಕೂ ಇಂಗ್ಲಿಷಿನಲ್ಲಿಯೇ ಬರೆಯಬೇಕಾಗುತ್ತದೆ. ಮೇಲೆ ಹೇಳಿದ ಸೇತುವೆ ಬೇಕಾಗುವುದು ಇಲ್ಲಿಯೇ.

ಈಗ ಆಸೆಯ ಮಾತಿಗೆ ಬರೋಣ. ಹಣ ಪಡೆದು ಯಾವ ಪರಿಶೀಲನೆಯೂ ಇಲ್ಲದೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಇಂದು ಹೇರಳವಾಗಿವೆ. ಅವನ್ನು ಗುರುತಿಸುವುದು ಕಷ್ಟವಲ್ಲ. ಕೆಲವೇ ದಿನಗಳಲ್ಲಿ ಪ್ರಕಟಣೆ ಖಚಿತವೆಂದು ಮೊದಲೇ ಭರವಸೆ ಕೊಡುವ ಪತ್ರಿಕೆ ಪರಿಶೀಲನೆ ಮಾಡುವುದಿಲ್ಲವೆಂದೇ ಅರ್ಥ. ಪರಿಶೀಲನೆಯಿದ್ದಲ್ಲಿ ತಿರಸ್ಕಾರದ ಸಾಧ್ಯತೆಯೂ ಇರಲೇಬೇಕು. ಐಎಸ್‌ಎಸ್‌ಎನ್ ಸಂಖ್ಯೆಯಿದೆ ಎಂಬುದು ಗುಣಮಟ್ಟಕ್ಕೆ ಪ್ರಮಾಣವಲ್ಲ. ಅದು ಪತ್ರಿಕೆಯನ್ನು ಗುರುತಿಸುವ ಸಂಖ್ಯೆ ಮಾತ್ರ. ಶುಲ್ಕವಿದ್ದ ಮಾತ್ರಕ್ಕೆ ಪತ್ರಿಕೆ ಕೆಟ್ಟದೆಂದೂ ಅಲ್ಲ. ಒಳ್ಳೆಯ ಪತ್ರಿಕೆಗಳಲ್ಲಿಯೂ ಹಲವು ಶುಲ್ಕ ಪಡೆಯುತ್ತವೆ. ಆದರೆ ಅಲ್ಲಿ ಹಣ ತೀರ್ಪನ್ನು ಕೊಳ್ಳುವುದಿಲ್ಲ.

ಲೇಖಕರೆಂದು ಯಾರನ್ನು ಕರೆಯಬೇಕೆಂಬುದಕ್ಕೆ ವಿದ್ವಲ್ಲೋಕದಲ್ಲಿ ಒಪ್ಪಿತ ನಿಯಮಗಳಿವೆ. ಕೆಲಸದಲ್ಲಿ ಗಣನೀಯವಾಗಿ ಪಾಲ್ಗೊಂಡಿರಬೇಕು, ಬರೆವಣಿಗೆಯಲ್ಲಿ ಭಾಗವಹಿಸಿರಬೇಕು, ಅಂತಿಮ ರೂಪವನ್ನು ಒಪ್ಪಿರಬೇಕು, ಅದರಲ್ಲಿರುವುದಕ್ಕೆ ಹೊಣೆಗಾರರಾಗಿರಬೇಕು. ಅಪ್ಪನೋ ಮೇಷ್ಟ್ರೋ ಗಣಕಯಂತ್ರವೋ ಬರೆದುಕೊಟ್ಟ ಲೇಖನದ ಮೇಲೆ ಮಗುವಿನ ಹೆಸರು ಹಾಕಿದರೆ ಆ ಮಗುವಿಗೆ ನಾವು ಕಲಿಸಿದ ಮೊದಲ ಪಾಠ ಅಪ್ರಾಮಾಣಿಕತೆಯದಾಗುತ್ತದೆ. ಮಗು ಬರೆದ ಲೇಖನಕ್ಕೆ ಅಧ್ಯಾಪಕರ ಹೆಸರನ್ನು ಗೌರವಾರ್ಥ ಸೇರಿಸುವುದೂ ಅಷ್ಟೇ ತಪ್ಪು. ಮಾಹಿತಿ ಕೊಟ್ಟ ಸುರಂಗ ಕೊರೆಯುವವರಿಗೆ, ಪದ ಹೇಳಿದ ಅಜ್ಜಿಗೆ ಕೃತಜ್ಞತೆ ಸಲ್ಲಬೇಕು. ಅವರ ಅನುಮತಿಯಿಲ್ಲದೆ ಅವರ ಮನೆಯ ಸಂಗತಿ ಅಚ್ಚಾಗಬಾರದು.

ಕೊನೆಯದಾಗಿ, ಈ ಶಾಲೆ ಏನು ಮಾಡಬಹುದು ಎಂಬುದನ್ನು ತಮ್ಮ ಮುಂದಿಡುತ್ತೇವೆ. ಶಾಸ್ತ್ರೋತ್ಸವಕ್ಕಾಗಿ ಮಕ್ಕಳು ತಿಂಗಳುಗಟ್ಟಲೆ ದುಡಿದು ಸಿದ್ಧಪಡಿಸುವ ಚಾರ್ಟುಗಳ ಆಯುಷ್ಯ ಯಾವ ಶಾಲೆಯಲ್ಲಿಯೂ ಬಹುಮಾನ ವಿತರಣೆಯವರೆಗೆ ಮಾತ್ರ. ನಮ್ಮ ಗ್ರಂಥಾಲಯದಲ್ಲಿ 'ವೀಕ್ಷಣೆಯ ಪುಸ್ತಕ'ವೆಂಬ ದಪ್ಪರಟ್ಟಿನ ದಫ್ತರವನ್ನು ಇಡುವುದು, ಯಾವ ತರಗತಿಯ ಮಗುವಾದರೂ ತಾನು ಅಳೆದದ್ದನ್ನು ತಾರೀಕು ಹಾಕಿ ಬರೆಯುವುದು, ಒಂದು ತಂಡ ಶಾಲೆ ಬಿಟ್ಟಾಗ ಇನ್ನೊಂದು ತಂಡ ಅದನ್ನು ಮುಂದುವರಿಸುವುದು ಮೊದಲನೆಯ ಕಾರ್ಯ. ವರ್ಷಕ್ಕೊಮ್ಮೆ, ಆರಿಸಿದ ಕೆಲವು ವರದಿಗಳನ್ನು ಕನ್ನಡದಲ್ಲಿಯೇ ಸಣ್ಣ ಸಂಚಿಕೆಯಾಗಿ ತರುವುದು ಎರಡನೆಯದು. ಮೂರನೆಯದು ಹಳೆಯ ವಿದ್ಯಾರ್ಥಿಗಳಾದ ತಮ್ಮಿಂದ ಆಗಬೇಕಾದದ್ದು. ತಮ್ಮಲ್ಲಿ ವೈದ್ಯರಿದ್ದೀರಿ, ಇಂಜಿನಿಯರರಿದ್ದೀರಿ, ಕಾಲೇಜಿನ ಪ್ರಾಧ್ಯಾಪಕರಿದ್ದೀರಿ, ಅನುಭವಿ ಕೃಷಿಕರಿದ್ದೀರಿ. ಸಂಚಿಕೆಗೆ ಬಂದ ಬರೆಹಗಳನ್ನು ಮಕ್ಕಳ ಹೆಸರು ಮರೆಮಾಡಿ ತಮಗೆ ಕಳುಹಿಸುತ್ತೇವೆ. ದಾಕ್ಷಿಣ್ಯವಿಲ್ಲದೆ, ಆದರೆ ಮಗುವಿಗೆ ಅರ್ಥವಾಗುವ ಕನ್ನಡದಲ್ಲಿ, ತಮ್ಮ ಆಕ್ಷೇಪಗಳನ್ನು ಬರೆದು ಕಳುಹಿಸಿರಿ. ಮಗು ತಿದ್ದಿ ಮತ್ತೆ ಕಳುಹಿಸಲಿ. ಹೊರಗಿನ ಪತ್ರಿಕೆಗೆ ಯೋಗ್ಯವೆನಿಸಿದ್ದು ಸಿಕ್ಕಿದರೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ವಾಕ್ಯವನ್ನೂ ಅದಕ್ಕೆ ವಿವರಿಸುತ್ತ ಇಂಗ್ಲಿಷಿಗೆ ತನ್ನಿರಿ. ಶತಮಾನೋತ್ಸವಕ್ಕೆ ಕಟ್ಟಡದ ಕಾಣಿಕೆ ಕೊಟ್ಟವರಿಗೆ ನಾವು ಋಣಿಗಳು. ಹೀಗೆ ವರ್ಷಕ್ಕೆರಡು ಸಂಜೆಗಳನ್ನು ಕೊಟ್ಟವರಿಗೂ ಅಷ್ಟೇ ಋಣಿಗಳಾಗಿರುತ್ತೇವೆ.

ರಕ್ಷಕರಲ್ಲಿ ಒಂದು ವಿನಂತಿ. ಐದು ವರ್ಷ ಅಳೆದ ಮೇಲೂ ಸುರಂಗದ ನೀರಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲವೆಂದು ಮಗು ಬರೆದರೆ ಅದನ್ನು ಸೋಲೆಂದು ತಿಳಿಯಬೇಡಿರಿ. ವ್ಯತ್ಯಾಸವಿಲ್ಲವೆಂಬುದೂ ಒಂದು ಉತ್ತರ, ಮತ್ತು ಅದನ್ನು ಇದ್ದಂತೆ ಬರೆಯಲು ಧೈರ್ಯ ಬೇಕು. ಲೇಖನ ತಿರಸ್ಕೃತವಾಗಿ ಬಂದರೆ ಆಕ್ಷೇಪಗಳನ್ನು ಮಗುವಿನೊಡನೆ ಕುಳಿತು ಓದಿರಿ. ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಕಳುಹಿಸಿದ ತಮ್ಮ ನಿರ್ಧಾರವನ್ನು ನೆರೆಹೊರೆಯವರು ಪ್ರಶ್ನಿಸುತ್ತಿರುವ ಕಾಲವಿದು. ತಾನು ಕಂಡದ್ದನ್ನು ತನ್ನ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿ, ಅಪರಿಚಿತ ತಜ್ಞರ ಪ್ರಶ್ನೆಗೆ ಅಂಜದೆ ಉತ್ತರಿಸಬಲ್ಲ ಮಗುವೇ ಆ ಪ್ರಶ್ನೆಗೆ ನಾವೆಲ್ಲರೂ ಕೊಡಬಹುದಾದ ಉತ್ತರ. ವೀಕ್ಷಣೆಯ ಪುಸ್ತಕದ ಮೊದಲ ಪುಟ ಬರುವ ಜೂನ್ ತಿಂಗಳಲ್ಲಿ, ಶಾಲೆ ತೆರೆದ ದಿನ, ಮಳೆಯ ಅಳತೆಯಿಂದ ಆರಂಭವಾಗಲಿದೆ. ಅದಕ್ಕೆ ತಮ್ಮೆಲ್ಲರ ಸಹಕಾರವನ್ನು ಕೋರುತ್ತೇವೆ.